ಸ್ಟೀವನ್ಸ್‌ಗೆ ಎರಡೇ ಸಾಲಾ?

ಮ್ಯಾಂಚೆಸ್ಟರ್‌ನ ಟ್ರಾಫರ್ಡ್ ಪಾರ್ಕ್ ಅನ್ನುವ ಕೈಗಾರಿಕಾ ಪ್ರದೇಶದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ ಸಾರ್. ಆದರೆ ಅದರಲ್ಲಿ ಉದ್ಯಮಿ ಅರ್ನೆಸ್ಟ್ ಹೂಲಿಗೇ ಜಾಗ ಜಾಸ್ತಿ ಆಯಿತು, ಸ್ಟೀವನ್ಸ್‌ಗೆ ಎರಡೇ ಸಾಲು. ಅವನು 1896ರಲ್ಲಿ 3,60,000 ಪೌಂಡ್ ಕೊಟ್ಟು ಜಮೀನು ಕೊಂಡ, ನಿಜ. ಎರಡೇ ವರ್ಷಕ್ಕೆ ದಿವಾಳಿಯೂ ಆದ! ದೊಡ್ಡ ದೊಡ್ಡ ಬಂಗಲೆ ಕಟ್ಟಿಸಬೇಕು ಅನ್ನುವುದು ಅವನ ಮೊದಲ ಲೆಕ್ಕಾಚಾರ. ಪಕ್ಕದಲ್ಲೇ ಹಡಗು ಕಾಲುವೆ ಇದೆ, ಕಾರ್ಖಾನೆಗಳಿಗೆ ಜಾಗ ಕೊಡೋಣ ಅಂತ ಒಪ್ಪಿಸಿದವರು ಮಾರ್ಷಲ್ ಸ್ಟೀವನ್ಸ್. ಕಾಲುವೆ ಕಂಪನಿಯ ಮ್ಯಾನೇಜರ್ ಕೆಲಸ ಬಿಟ್ಟು 1897ರಲ್ಲಿ ಇಲ್ಲಿಗೇ ಬಂದರು. ಜಿಂಕೆ ಮೇಯುತ್ತಿದ್ದ ಜಾಗಕ್ಕೆ ವಿದ್ಯುತ್ ಯಂತ್ರ ಮಾಡುವ ವೆಸ್ಟಿಂಗ್‌ಹೌಸ್ ಕಂಪನಿ ಬಂತು, 1911ರಲ್ಲಿ ಫೋರ್ಡ್ ಕಾರು ಜೋಡಿಸಲು ಶುರುಮಾಡಿದರು. ಕೆಲಸಗಾರರ ಬಡಾವಣೆಯಲ್ಲಿ ಬೀದಿಗಳಿಗೆ ಬರೀ ನಂಬರು: ಮೂರನೇ ಅವೆನ್ಯೂ, ಹನ್ನೊಂದನೇ ಬೀದಿ! ಸ್ಟೀವನ್ಸ್ ಮೇಲೇ ಇನ್ನೊಂದು ಲೇಖನ ಬರೆಯಬಹುದು, ಅಲ್ವಾ?