ಸತ್ಯಾಂಶ: ವಿಆರ್ ಹೆಡ್‌ಸೆಟ್ ಮನಸ್ಸನ್ನು ಓದುತ್ತದೆಯೇ?

"ವಿಆರ್‌ನಲ್ಲಿ ವ್ಯಾಯಾಮದ ಆಟ ಆಡುವಾಗ ನಿಮ್ಮ ಭಯ, ಸಿಟ್ಟು, ಖುಷಿ ಎಲ್ಲವೂ ಎದೆಬಡಿತದಿಂದಲೇ ಕರಾರುವಾಕ್ಕಾಗಿ ಗೊತ್ತಾಗುತ್ತದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. (ವಿಆರ್ ಹೆಡ್‌ಸೆಟ್ ಎಂದರೆ ಕಣ್ಣಿಗೆ ಕಟ್ಟಿಕೊಂಡರೆ ಕೃತಕ ಲೋಕದೊಳಗೇ ಇದ್ದಂತೆ ತೋರಿಸುವ ಸಾಧನ.) ಹೇಳಿದಷ್ಟು ನಿಜವಲ್ಲ, ಆದರೆ ಪೂರ್ತಿ ಹುಸಿಯೂ ಅಲ್ಲ.

ಕೈಬೀಸಿ ಗುದ್ದುವ ಆಟವನ್ನೇ ನೋಡಿ. ಎರಡೇ ನಿಮಿಷದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಹೆದರಿದಾಗ ಆಗುವುದೂ ಇದೇ ತಾನೆ? ಬೆವರಿದ್ದು ಗುದ್ದಿದ್ದಕ್ಕೋ ಬೆಚ್ಚಿದ್ದಕ್ಕೋ, ಪಾಪ, ಎದೆಬಡಿತ, ಬೆವರು ಅಳೆಯುವ ಸೆನ್ಸರ್‌ಗೆ ಹೇಗೆ ತಿಳಿಯಬೇಕು! ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಭಾವನೆಗಳನ್ನು ಎರಡು ಅಳತೆಗಳಲ್ಲಿ ಜೋಡಿಸಿದರು: ಉದ್ರೇಕ (ಮೈಮನ ಕೆರಳಿದ್ದು) ಎಷ್ಟು, ಅನುಭವ ಹಿತವೋ ಅಹಿತವೋ. ಎದೆಬಡಿತ ಹೆಚ್ಚೆಂದರೆ ಮೊದಲನೆಯದರ ಸುಳಿವು ಕೊಡುತ್ತದೆ. ಗೆದ್ದ ಸಂಭ್ರಮವೂ ಸೋತ ಸಿಟ್ಟೂ ಅದಕ್ಕೆ ಹೆಚ್ಚುಕಡಿಮೆ ಒಂದೇ.

ಮುಖ ನೋಡಿ ಹೇಳೋಣವೆಂದರೆ ಹುಬ್ಬು, ಕಣ್ಣು ಹೆಡ್‌ಸೆಟ್‌ನಡಿ ಮುಚ್ಚಿರುತ್ತವೆ. 2022ರ ಕ್ವೆಸ್ಟ್ ಪ್ರೊ ಹೆಡ್‌ಸೆಟ್‌ನಂಥ ಕೆಲವು ಸಾಧನಗಳಲ್ಲಿ ಒಳಗಡೆ ಮುಖ ನೋಡುವ ಕ್ಯಾಮೆರಾಗಳಿವೆ, ನಿಜ. ಆದರೆ ಏದುಸಿರಿಗೆ ಬಾಯಿ ತೆರೆದರೆ ಅದು ಅಚ್ಚರಿಯಂತೆಯೂ ಕಾಣಬಹುದು. ಕೈ ಜೋರಾಗಿ ಆಡಿದರೆ ಮಣಿಕಟ್ಟಿನ ವಾಚಿನ ಎದೆಬಡಿತದ ಲೆಕ್ಕವೂ ತಪ್ಪಬಹುದು.

ಹಾಗಾಗಿ ಸಂಶೋಧಕರು ಹಲವು ಸೆನ್ಸರ್‌ಗಳನ್ನು ಸೇರಿಸಿ, ದೇಹದ ಶ್ರಮದ ಪಾಲನ್ನು ಕಳೆದು ಅಂದಾಜು ಮಾಡುತ್ತಾರೆ. ಆಮೇಲೂ ಆಡಿದವರನ್ನೇ "ಹೇಗನ್ನಿಸಿತು?" ಎಂದು ಕೇಳಿ ತಾಳೆ ನೋಡುತ್ತಾರೆ.