ಬೆಂಕಿ ಹಚ್ಚೋಕೆ ಯಾರನ್ನು ಕೇಳಬೇಕು ಸ್ವಾಮಿ?

ಇವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ರಸ್ತೆ ತಿರುವಿನಲ್ಲಿ ಕಣ್ಣು ಬಿಡೋಕಾಗದಷ್ಟು ಹೊಗೆ. ಬೈಕ್ ನಿಲ್ಲಿಸಿ ನೋಡಿದೆ. ಕಸದ ಗಾಡಿ ಸುರಿದು ಹೋದ ಗುಡ್ಡೆ. ಚಿಪ್ಸ್ ಪ್ಯಾಕೆಟ್ಟು, ಡೈಪರ್, ಹರಿದ ಚಪ್ಪಲಿ, ಮದುವೆ ಮನೆಯ ಪ್ಲಾಸ್ಟಿಕ್ ಲೋಟ, ಎಲ್ಲ ಒಟ್ಟಿಗೆ ಕರಗಿ ಕಪ್ಪಗೆ ತೊಟ್ಟಿಕ್ಕುತ್ತಿದ್ದವು. ಪಕ್ಕದಲ್ಲೇ ‘ಇಲ್ಲಿ ಕಸ ಹಾಕಬಾರದು’ ಬೋರ್ಡು. ಅದರ ಒಂದು ಕಾಲೂ ಸುಟ್ಟಿದೆ. ಬೆಂಕಿ ಹಚ್ಚಿದವರು ಯಾರೂ ಅಲ್ಲಿರಲಿಲ್ಲ. ಕಾಯೋಕೂ ಯಾರೂ ಇರಲಿಲ್ಲ.

ಹೊಟ್ಟೆ ಉರಿದು ಹೋಯಿತು. ಯಾಕೆಂದರೆ ಕಳೆದ ವಾರ ಮೂರು ಕಚೇರಿ ಅಲೆದು ಬಂದವನು ನಾನು. ನನ್ನದೇ ತೋಟದ ನಾಲ್ಕು ಗುಡ್ಡೆ ಅಡಿಕೆ ಸೋಗೆ ಸುಡೋಕೆ ಒಪ್ಪಿಗೆ ಕೇಳಿಕೊಂಡು!

ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಕಥೆ ಇಲ್ಲಿರುವವರಿಗೆ ಹೊಸದಲ್ಲ, ಎರಡು ವರ್ಷದಿಂದ ಅದೇ ಗೋಳು ಹೇಳಿ ನಿಮ್ಮ ತಲೆ ತಿಂದಿದ್ದೇನೆ. ಮೊದಲು ಸೋಗೆ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿ, ಸುತ್ತ ಹಳದಿ ಉಂಗುರ. ಆಮೇಲೆ ಚುಕ್ಕಿ ಚುಕ್ಕಿ ಸೇರಿ ಇಡೀ ಸೋಗೆಯೇ ಒಣಗಿ ಜೋತು ಬೀಳುತ್ತದೆ. ಶಿಲೀಂಧ್ರದ ರೋಗ, ಗಾಳಿಗೂ ಹರಡುತ್ತದೆ, ಮಳೆ ಹನಿಗೂ ಹರಡುತ್ತದೆ. ಅದಕ್ಕೇ ತಜ್ಞರು ಹೇಳೋದು: ರೋಗದ ಸೋಗೆ ಕತ್ತರಿಸಿ, ತೋಟದಿಂದ ಹೊರಗೆ ತಂದು ಸುಡಿ, ಆಮೇಲೆ ಪ್ರೊಪಿಕೊನಜೋಲ್ ಅನ್ನೋ ಶಿಲೀಂಧ್ರನಾಶಕ ಲೀಟರ್ ನೀರಿಗೆ 1 ಎಂಎಲ್ ಹಾಕಿ ಹೊಡೆಯಿರಿ. ಸರಿ. ಉದ್ದನೆ ದೋಟಿ ಕೋಲಿನಲ್ಲಿ ಸೋಗೆ ಕೊಯ್ಯುವವರಿಗೆ ಸಂಬಳ ಕೊಟ್ಟು ಕತ್ತರಿಸಿದ್ದಾಯಿತು. ಹೊರಗೆ ತಂದಿದ್ದಾಯಿತು.

ಆದರೆ ನಮ್ಮ ತೋಟ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ತೋಟದ ಗೊಬ್ಬರಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟ, ಅದರಾಚೆ ರಿಸರ್ವ್ ಫಾರೆಸ್ಟು. ಕಾಲ ಬೇಸಿಗೆ. ಕೇಳಿಯೇ ಹಚ್ಚೋಣ ಅಂದುಕೊಂಡೆ. ಅಲ್ಲೇ ನಾನು ಮಾಡಿದ ತಪ್ಪು.

ಮೊದಲ ಕಚೇರಿಯಲ್ಲಿ ಹೇಳಿದರು, “ಸುಡಬೇಕು ಅಂತ ಹೇಳೋದಷ್ಟೇ ನಮ್ಮ ಕೆಲಸ, ಒಪ್ಪಿಗೆ ನಮ್ಮದಲ್ಲ.” ಎರಡನೆಯ ಕಡೆ, “ಅಂಥ ಫಾರಂ ಇಲ್ಲ ನಮ್ಮಲ್ಲಿ. ಬಿಳಿ ಹಾಳೆ ಮೇಲೆ ಬರೆದು ಕೊಟ್ಟು ಹೋಗಿ, ಮುಂದಿನ ಮೀಟಿಂಗಲ್ಲಿ ಇಡ್ತೀವಿ.” ಮುಂದಿನ ಮೀಟಿಂಗ್ ಆಗೋ ಹೊತ್ತಿಗೆ ಮಳೆಗಾಲ ಬಂದು ಸೋಗೆ ತಾನೇ ಕೊಳೆತಿರುತ್ತದೆ, ರೋಗ ಊರೆಲ್ಲ ಸುತ್ತಿ ಬಂದಿರುತ್ತದೆ. ಮೂರನೆಯವರು ಒಳ್ಳೆಯವರು, ಪರಿಚಯದವರೇ. ಟೀ ಕೊಡಿಸಿ, ಆಚೀಚೆ ನೋಡಿ, ಮೆಲ್ಲಗೆ ಹೇಳಿದರು: “ಹಚ್ಚಬೇಡಿ ಮಾರಾಯ್ರೇ. ಹಚ್ಚಿದರೂ ನನ್ನ ಕಣ್ಣಿಗೆ ಬೀಳೋ ಹಾಗೆ ಹಚ್ಚಬೇಡಿ.”

ಇದು ನಮ್ಮ ಪರ್ಮಿಟ್ಟು, ನೋಡಿ.

ಕಾನೂನು ಇಲ್ಲ ಅಂತ ಹೇಳುತ್ತಿಲ್ಲ. ಬೇಕಾದಷ್ಟಿದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ರಿಸರ್ವ್ ಫಾರೆಸ್ಟಿಗೆ ಬೆಂಕಿ ಹಚ್ಚಿದರೆ ಅಪರಾಧ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅಭಯಾರಣ್ಯಕ್ಕೆ ಹಚ್ಚಿದರೆ ಅಪರಾಧ. ಇನ್ನು ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ಅಂತ 2016ರ ಡಿಸೆಂಬರಿನಲ್ಲೇ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ಹೇಳಿದೆ. (ತಿರುವಿನ ಗುಡ್ಡೆಗೆ ಈ ಲೆಕ್ಕದಲ್ಲಿ ಎಷ್ಟಾಯಿತು ಅಂತ ಯಾರಾದರೂ ಕೂಡಿಸಿ ಹೇಳಿ.) ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರು ಉಪಗ್ರಹದಲ್ಲಿ ಬೆಂಕಿ ಪತ್ತೆ ಹಚ್ಚಿ ಮೊಬೈಲಿಗೆ ಮೆಸೇಜ್ ಕಳಿಸುತ್ತಾರೆ. ಅಂದರೆ ಕಾಡಂಚಿನ ಬೆಂಕಿ ಆಕಾಶದಿಂದಲೂ ಕಾಣುತ್ತದೆ. ಹಚ್ಚೋ ಮೊದಲು ಒಂದು ಮಾತು ಕೇಳೋಣ ಅಂದರೆ ಫೋನ್ ನಂಬರ್ ಇಲ್ಲ!

ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆ ನನ್ನ ದೊಡ್ಡಪ್ಪನ ಮಗಳಿದ್ದಾಳೆ. ಅಮೆರಿಕಾ ಉದಾಹರಣೆ ತಂದೆ ಅಂತ ಬೈಯಬೇಡಿ, ಅಲ್ಲಿಯೂ ಕಾಡು ಉರಿಯುತ್ತದೆ. ಅವಳನ್ನು ಕೇಳಿದೆ. ಮಾರ್ಚ್ 16ರಿಂದ ಮೇ 14ರವರೆಗೆ ಸೊಪ್ಪು ಸದೆ ಸುಡೋ ಹಾಗೇ ಇಲ್ಲವಂತೆ. ಉಳಿದ ದಿನ, 20,000ಕ್ಕಿಂತ ಕಡಿಮೆ ಜನ ಇರೋ ಊರಾದರೆ, 6 ಇಂಚಿಗಿಂತ ಕಡಿಮೆ ದಪ್ಪದ, 8 ಅಡಿಗಿಂತ ಗಿಡ್ಡ ಕೊಂಬೆ ಸುಡಬಹುದು. ಎಲೆ ರಾಶಿ ಯಾವತ್ತೂ ಸುಡುವಂತಿಲ್ಲ. ಬೇಡ ಅನ್ನುವುದನ್ನೂ ಎಷ್ಟು ಬಿಡಿಸಿ ಹೇಳಿದ್ದಾರೆ ನೋಡಿ. ನಮಗೆ ಅಷ್ಟಾದರೂ ಹೇಳಿ. ಯಾವ ತಿಂಗಳು, ಎಷ್ಟು ಗಂಟೆಯೊಳಗೆ, ಕಾಡಿನಿಂದ ಎಷ್ಟು ದೂರ, ಯಾರಿಗೆ ತಿಳಿಸಬೇಕು. ಇಷ್ಟೇ.

“ರೈತರಿಗೆ ಒಪ್ಪಿಗೆ ಅಂತ ಕೊಟ್ಟರೆ ಕಾಡೇ ಉಳಿಯಲ್ಲ” ಅಂತ ಬರೆಯೋಕೆ ಕೆಲವರ ಕೈ ತುರಿಸುತ್ತಿರಬಹುದು. ಗೊತ್ತು. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನಾನೂ ಟೀವಿಯಲ್ಲಿ ನೋಡಿ ಕಣ್ಣೀರು ಹಾಕಿದವನೇ. 2017ರಲ್ಲಿ ಅದೇ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸೋಕೆ ಹೋದ ಗಾರ್ಡುಗಳು ಜೀವ ಕಳೆದುಕೊಂಡರು. ಅವರೇನು ಏಸಿ ರೂಮಿನಲ್ಲಿ ಕೂತಿದ್ದವರಲ್ಲ, ಸೊಪ್ಪು ಹಿಡಿದು ಬೆಂಕಿ ಬಡಿಯೋಕೆ ಹೋದವರು. ಆದರೆ ಒಂದು ಹೇಳಿ, ಕೇಳಿಕೊಂಡು ಬರುವವನಿಂದ ಕಾಡಿಗೆ ಅಪಾಯವೋ, ರಾತ್ರಿ ಹತ್ತಕ್ಕೆ ಕಡ್ಡಿ ಗೀರಿ ಮನೆಗೆ ಓಡುವವನಿಂದಲೋ? ಒಪ್ಪಿಗೆ ಇಲ್ಲದ ಬೆಂಕಿಯ ಪಕ್ಕ ಯಾರು ನಿಲ್ಲುತ್ತಾರೆ? ಸಿಕ್ಕಿಬೀಳೋಕಾ?

ನಮ್ಮಜ್ಜ ಕದ್ದು ಹಚ್ಚಿದವರಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಶುರು. ಸುತ್ತ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ನೆಲ ಬೋಳು ಮಾಡುತ್ತಿದ್ದರು. ಹಸಿ ಸೊಪ್ಪಿನ ಹೊರೆ, ಎರಡು ಕೊಡ ನೀರು, ಪಕ್ಕದ ಮನೆಯ ಇಬ್ಬರು ಗಂಡಾಳು. ಬೂದಿ ಮೇಲೆ ಕೈ ಇಟ್ಟು ನೋಡಿಯೇ ಕಾಫಿಗೆ ಬರುತ್ತಿದ್ದದ್ದು. ಅರಣ್ಯ ಇಲಾಖೆಯವರೂ ಬೇಸಿಗೆಗೆ ಮುಂಚೆ, ಬೆಂಕಿ ದಾಟದ ಹಾಗೆ ಬೆಂಕಿರೇಖೆ ಮಾಡುವಾಗ ಜಾಗ ಬೋಳು ಮಾಡಿ, ಕಾವಲಿದ್ದೇ ಸುಡುತ್ತಾರೆ. ಅಜ್ಜ ಮಾಡಿದ್ದೂ ಅದನ್ನೇ ಅಲ್ವಾ?

ಇನ್ನು ನನ್ನ ಕಥೆ. ಹೇಳಬಾರದು, ಹೇಳಿಬಿಡುತ್ತೇನೆ. ಮೊನ್ನೆ ರಾತ್ರಿ ಎರಡು ಗುಡ್ಡೆ ಹಚ್ಚಿದೆ. ಹೌದು, ಹತ್ತು ಗಂಟೆಗೇ. ಅಜ್ಜನ ಮೊಮ್ಮಗ ಕಳ್ಳನ ಹಾಗೆ ಟಾರ್ಚ್ ಆರಿಸಿಕೊಂಡು. ಸೋಗೆ ಒಣಗಿ ಗರಿಗರಿಯಾಗಿತ್ತಲ್ಲ, ಹಚ್ಚಿದ ಕೂಡಲೇ ಆಳೆತ್ತರ ಎದ್ದಿತು. ಒಂದು ಕಿಡಿ ಹಾರಿ ಬೆಟ್ಟದ ಅಂಚಿನ ದರಗಿನ ಮೇಲೆ ಕೂತು ಕೆಂಪಗೆ ಕಣ್ಣು ಬಿಟ್ಟಿತು. ಕೈಯಲ್ಲಿದ್ದ ಪೈಪು ಅಲ್ಲಿಗೆ ಮುಟ್ಟೋದಿಲ್ಲ! ಚಪ್ಪಲಿಯಲ್ಲೇ ತುಳಿದೆ. ಎಡಗಾಲಿನ ಚಪ್ಪಲಿ ಕರಗಿತು, ಹಿಮ್ಮಡಿ ಬೊಬ್ಬೆ ಎದ್ದಿದೆ. ಹೆಂಡತಿ ಮೇಲಿಂದ ಕೂಗುತ್ತಿದ್ದಳು, “ಆಯ್ತಾ? ಬನ್ನಿ ಮೇಲೆ, ಯಾರಾದ್ರೂ ನೋಡ್ತಾರೆ!” ಹೋಗಲಿಲ್ಲ. ಎರಡು ಗಂಟೆಯವರೆಗೆ ಬೂದಿ ಕೆದಕುತ್ತಾ ಕೂತಿದ್ದೆ. ಭಯಕ್ಕೆ.

ಇನ್ನೂ ಎರಡು ಗುಡ್ಡೆ ಉಳಿದಿವೆ. ಟಾರ್ಪಾಲ್ ಮುಚ್ಚಿ, ಮೇಲೆ ಕಲ್ಲು ಹೇರಿಟ್ಟಿದ್ದೇನೆ. ರಾತ್ರಿ ಹಚ್ಚೋ ಧೈರ್ಯ ಇನ್ನಿಲ್ಲ. ಇಲ್ಲಿ ಯಾರ ಹತ್ತಿರವಾದರೂ ಆ ಫಾರಂ ಇದ್ದರೆ ವಾಟ್ಸಾಪ್ ಮಾಡಿ ಮಾರಾಯ್ರೇ, ನಾಳೆ ಹಾಲು ಹಾಕೋಕೆ ಹೋದಾಗ ಪೇಟೆಯಲ್ಲಿ ಪ್ರಿಂಟ್ ತೆಗೆಸುತ್ತೇನೆ.