ಬೆಳೆದ ನಾಯಿಗೊಂದು ಮನೆ

ಕಳೆದ ವರ್ಷ ಮಾರ್ಚ್‌ನಲ್ಲಿ, ಆರು ವರ್ಷ ತುಂಬಿದ ಬಾರ್ಡರ್ ಕಾಲೀ ಹೆಣ್ಣು ನಾಯಿಯೊಂದನ್ನು ಲೀಡ್ಸ್‌ನ ನಮ್ಮ ಮನೆಗೆ ಕರೆತಂದ ಸುದ್ದಿಯನ್ನು ರಾಣೆಬೆನ್ನೂರಿಗೆ ಫೋನ್ ಮಾಡಿ ತಿಳಿಸಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಮರಿ ಸಿಗಲಿಲ್ಲೇನೋ ತಮ್ಮಾ? ಬೆಳದ ನಾಯಿ ಯಾಕ ತಂದಿ?" ಮರಿಯಿದ್ದಾಗಲೇ ತಂದು ಅನ್ನ ಹಾಕಿದರೆ ಮಾತ್ರ ನಾಯಿ ಮನೆಗೆ ಒಗ್ಗುತ್ತದೆ, ಇನ್ನೊಬ್ಬರ ಅನ್ನ ಉಂಡು ಬೆಳೆದದ್ದು ನಮ್ಮದಾಗುವುದಿಲ್ಲ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ನಾನೂ ಅದನ್ನೇ ನಂಬಿ ಬೆಳೆದವನು. ಈಗ ಆ ನಂಬಿಕೆ ತಪ್ಪೆಂದು ನನಗೆ ಮನವರಿಕೆಯಾಗಿದೆ. ಆ ತಪ್ಪಿಗೆ ನಮ್ಮೂರಿನ ಎಷ್ಟೋ ಸೌಮ್ಯ ನಾಯಿಗಳು ಬೆಲೆ ತೆರುತ್ತಿವೆ ಎಂಬುದೂ ಅರಿವಿಗೆ ಬಂದಿದೆ.

ನಮ್ಮ ನಾಯಿಯ ಹೆಸರು ನೆಲ್. ಇಲ್ಲಿನ ಕುರಿಗಾಹಿಗಳು ನಾಯಿಗೆ ಮೆಗ್, ಮಾಸ್, ಫ್ಲೈ ಎಂಬಂಥ ತುಂಡು ಹೆಸರುಗಳನ್ನೇ ಇಡುತ್ತಾರೆ, ಏಕೆಂದರೆ ಗುಡ್ಡದ ಈ ಮಗ್ಗುಲಿನಿಂದ ಕೂಗಿದರೆ ಆ ಮಗ್ಗುಲಿಗೆ ಒಂದೇ ಉಸಿರಿನಲ್ಲಿ ತಲುಪಬೇಕು. ಯಾರ್ಕ್‌ಷೈರ್ ಡೇಲ್ಸ್‌ನ ಕುರಿ ಸಾಕಣೆಯ ಮನೆಯೊಂದರಲ್ಲಿ ಹುಟ್ಟಿ ಬೆಳೆದ ನೆಲ್ ಕೆಲಸಕ್ಕೆ ಒದಗಲಿಲ್ಲ. ಬಾರ್ಡರ್ ಕಾಲೀ ಬೊಗಳದೆ, ಕಚ್ಚದೆ, ಮೈ ತಗ್ಗಿಸಿ ನೆಲಕ್ಕೆ ಹತ್ತಿಕೊಂಡಂತೆ ಸರಿದು, ದಿಟ್ಟಿಸಿ ನೋಡುವ ನೋಟದಿಂದಲೇ ಕುರಿಯನ್ನು ತಿರುಗಿಸುವ ನಾಯಿ. ತೋಳದಂತೆ ಹೊಂಚಿ ಬೆನ್ನಟ್ಟುವ ಹುಟ್ಟುಗುಣವನ್ನು ಉಳಿಸಿ, ಕೊಲ್ಲುವ ಕೊನೆಯ ಹೆಜ್ಜೆಯನ್ನು ತಲೆಮಾರುಗಳ ಆಯ್ಕೆಯಿಂದ ಅಡಗಿಸಿ ಈ ತಳಿಯನ್ನು ರೂಪಿಸಿದ್ದಾರೆ. ನಾರ್ಥಂಬರ್ಲೆಂಡ್‌ನ ಆಡಮ್ ಟೆಲ್ಫರ್ ಎಂಬವರ ಬಳಿ 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡು ನಾಯಿಯ ಶಾಂತ ಕೆಲಸವನ್ನು ಕಂಡು ಕುರಿಗಾಹಿಗಳು ಮುಗಿಬಿದ್ದು ಅದರ ಸಂತಾನ ಪಡೆದರು. ಇಂದಿನ ಬಾರ್ಡರ್ ಕಾಲೀಗಳಿಗೆ ಅದೇ ಮೂಲಪುರುಷ. ಆ ವಂಶದ ನಮ್ಮ ನೆಲ್‌ಗೆ ಶಾಂತಿ ಅತಿಯಾಗಿಯೇ ಬಂದಿತ್ತು. ಹಟಮಾರಿ ಕುರಿಯೊಂದು ಕಾಲು ಅಪ್ಪಳಿಸಿ ನಿಂತರೆ ಅದು ಮುಖ ತಿರುಗಿಸಿ ಹಿಂದೆ ಸರಿಯುತ್ತಿತ್ತಂತೆ. ಅಲ್ಲಿ ಕೊರತೆಯೆನಿಸಿಕೊಂಡ ಆ ಗುಣವೇ ಎಂಟು ವರ್ಷದ ಮಗಳಿರುವ ನಮ್ಮ ಮನೆಗೆ ಬೇಕಾಗಿತ್ತು. ಮರಿಯಲ್ಲಿ ಇದನ್ನು ಕಂಡುಹಿಡಿಯಲು ಸಾಧ್ಯವೇ ಇರಲಿಲ್ಲ. ಬೆಳೆದ ನಾಯಿಯ ಸ್ವಭಾವ ಕಣ್ಣೆದುರಿಗೆ ಇರುತ್ತದೆ, ಮರಿಯದ್ದು ಊಹೆ.

ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಹೊಲಗಳಲ್ಲಿ ಕುರುಬರು ಮಂದೆ ನಿಲ್ಲಿಸುತ್ತಿದ್ದರು. ಹಿಕ್ಕೆಯ ಗೊಬ್ಬರಕ್ಕೆ ಪ್ರತಿಯಾಗಿ ಹೊಲದ ಒಡೆಯರು ಕಾಳೋ ದುಡ್ಡೋ ಕೊಡುತ್ತಿದ್ದರು. ಅವರ ನಾಯಿ ಕುರಿಯನ್ನು ಅಟ್ಟುತ್ತಿರಲಿಲ್ಲ. ಅಟ್ಟುವುದು ಕುರುಬನ ಕೋಲು, ಅವನ ಬಾಯಿ. ನಾಯಿಯ ಕೆಲಸ ರಾತ್ರಿಯದು, ತೋಳದ ವಾಸನೆ ಬಂದೊಡನೆ ಎದ್ದು ಬೊಗಳುವುದು. ತೋಳಗಳು ಎಂದೋ ಅಳಿದುಹೋದ ಬ್ರಿಟನ್ನಿನಲ್ಲಿ ಕಾವಲಿಗಿಂತ ಓಡಾಟದ ಜಾಣತನವೇ ಬೇಕಾಯಿತು. ಎರಡೂ ಕುರಿನಾಯಿಗಳೇ ಆದರೂ ಮನೆಯೊಳಗೆ ಅವುಗಳ ಅಗತ್ಯಗಳು ಬೇರೆ. ಅಟ್ಟುವ ನಾಯಿಗೆ ದಿನಕ್ಕೆ ಎರಡು ಹೊತ್ತಿನ ಓಡಾಟವೂ ತಲೆಗೆ ಒಂದಿಷ್ಟು ಕೆಲಸವೂ ಸಿಗದಿದ್ದರೆ ಅದು ಸೈಕಲ್ಲನ್ನೂ ಕಾರನ್ನೂ ಓಡುವ ಮಕ್ಕಳನ್ನೂ ಅಟ್ಟಲು ತೊಡಗುತ್ತದೆ.

ಆದ್ದರಿಂದಲೇ, ನಾಯಿಗಳಿಗೆ ಹೊಸ ಮನೆ ಹುಡುಕಿ ಕೊಡುವ ಇಲ್ಲಿನ ಸಂಸ್ಥೆ ನಮ್ಮನ್ನು ಕೇಳಿದ ಪ್ರಶ್ನೆಗಳು ಅಷ್ಟು. ಹಣ ಕೊಡುತ್ತೇವೆಂದರೂ ನಾಯಿ ತಕ್ಷಣ ಸಿಗಲಿಲ್ಲ. ಒಬ್ಬ ಹಿರಿಯ ಮಹಿಳೆ ಮನೆಗೆ ಬಂದು ಹಿತ್ತಲ ಬೇಲಿಯ ಎತ್ತರವನ್ನು ಟೇಪಿನಿಂದ ಅಳೆದರು, ಬೇಲಿಯ ಬುಡದಲ್ಲಿ ತೂರುವಷ್ಟು ಸಂದಿಯಿದೆಯೇ ಎಂದು ಮಂಡಿಯೂರಿ ನೋಡಿದರು. ನಾಯಿ ಒಂಟಿಯಾಗಿ ಎಷ್ಟು ಗಂಟೆ ಇರುತ್ತದೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಮಗಳು ನಾಯಿಯನ್ನು ಮಲಗಿದ್ದಾಗ ಮುಟ್ಟುತ್ತಾಳೆಯೇ ಎಂದು ವಿಚಾರಿಸಿದರು. ಮೊದಲ ದಿನ ನನಗೆ ಇದು ಅವಮಾನವೆಂದೇ ಅನಿಸಿತ್ತು. ಹೆಣ್ಣು ಕೊಡುವ ಮನೆಯವರು ಗಂಡಿನ ಮನೆಯನ್ನು ನೋಡಿ ಹೋಗುವ ನಮ್ಮ ಪದ್ಧತಿ ನೆನಪಾದ ಮೇಲೆ ಸಿಟ್ಟು ಇಳಿಯಿತು. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ಸಂಸ್ಥೆಗೇ ಮರಳಿಸಬೇಕೆಂಬ ಕರಾರಿಗೆ ಸಹಿ ಹಾಕಿದ ನಂತರ, ಗುರುತಿಗಾಗಿ ನಾಯಿಯ ಚರ್ಮದಡಿ ಇಡುವ ಮೈಕ್ರೋಚಿಪ್ಪಿನ ದಾಖಲೆ ನಮ್ಮ ಹೆಸರಿಗೆ ಬದಲಾಯಿತು; ಇಂಗ್ಲೆಂಡಿನಲ್ಲಿ 2016ರಿಂದ ನಾಯಿಗೆ ಚಿಪ್ ಕಡ್ಡಾಯ.

ಮೂರು ದಿನ ಅಂಜಿಕೆ, ಮೂರು ವಾರ ಹೊಂದಾಣಿಕೆ, ಮೂರು ತಿಂಗಳಿಗೆ ಮನೆಯ ನಾಯಿ ಎಂದು ಇಲ್ಲಿನವರು ಹೇಳುತ್ತಾರೆ. ಹೊರಗಿನ ಗೂಡಿನಲ್ಲೇ ಬೆಳೆದಿದ್ದ ನೆಲ್ ಮೆಟ್ಟಿಲು ಹತ್ತಲು ಅರಿಯದೆ ಮೊದಲ ವಾರವೆಲ್ಲ ಕೆಳಗೇ ನಿಂತು ಮೇಲೆ ನೋಡುತ್ತಿತ್ತು. ವಾಷಿಂಗ್ ಮೆಷಿನ್ ತಿರುಗಿದರೆ ಮೇಜಿನಡಿ ಸೇರುತ್ತಿತ್ತು. ಒಂದು ಸಂಜೆ ಬೇಳೆಗಿಟ್ಟ ಕುಕ್ಕರ್ ಉದ್ದನೆಯ ಸೀಟಿ ಹೊಡೆದಾಗ, ಅಡುಗೆಮನೆ ದಾಟುತ್ತಿದ್ದ ನಾಯಿ ಇದ್ದಲ್ಲೇ ನೆಲಕ್ಕೆ ಮೈಯೊತ್ತಿ ಮಲಗಿ, ಕಿವಿ ನಿಗುರಿಸಿ, ಮುಂದಿನ ಅಪ್ಪಣೆಗಾಗಿ ನನ್ನ ಮುಖ ನೋಡಿತು. ಕುರಿಗಾಹಿಯ ಭಾಷೆಯಲ್ಲಿ ಒಂದು ಉದ್ದನೆಯ ಸೀಟಿಯೆಂದರೆ "ನಿಲ್ಲು, ಮಲಗು". ಅದು ಕಲಿತದ್ದನ್ನು ಮರೆತಿರಲಿಲ್ಲ, ಆದರೆ ಆ ಹೊತ್ತಿಗೆ ಅಪ್ಪಣೆ ಕೇಳುವುದು ನಮ್ಮನ್ನು ಎಂದಾಗಿತ್ತು. ನಾವೂ ಕಲಿತೆವು: ಈರುಳ್ಳಿ ಬೆರೆತ ಹುಳಿ ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತದೆ, ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು ತರುತ್ತದೆ. ಮಿಕ್ಕ ಅನ್ನ ಸಾರು ಕಲಸಿ ಹಾಕುವ ನಮ್ಮ ಪ್ರೀತಿಗೆ ಇಷ್ಟು ಎಚ್ಚರ ಬೇಕು.

ನಮ್ಮ ನಾಡಿನಲ್ಲಿ ಪ್ರೀತಿಗೆ ಕೊರತೆಯಿಲ್ಲ. ಓಣಿಯ ನಾಯಿಗೆ ಹೆಸರಿಟ್ಟು, ಬಾಗಿಲಿಗೆ ಬಂದಾಗ ರೊಟ್ಟಿ ಹಾಕುವ ಹತ್ತು ಮನೆಗಳು ಎಲ್ಲ ಊರಿನಲ್ಲೂ ಇವೆ. ಲೀಡ್ಸ್‌ನಲ್ಲಿ ಒಡೆಯನಿಲ್ಲದೆ ಅಲೆಯುವ ನಾಯಿಯನ್ನು ಕೌನ್ಸಿಲ್‌ನವರು ಹಿಡಿದೊಯ್ದು ಏಳು ದಿನ ಇಟ್ಟುಕೊಂಡು, ಯಾರೂ ಬಾರದಿದ್ದರೆ ಅದರ ಹಣೆಬರಹವನ್ನು ಬೇರೆ ರೀತಿ ತೀರ್ಮಾನಿಸುತ್ತಾರೆ. ಆ ವಿಷಯದಲ್ಲಿ ನಮ್ಮ ಓಣಿಯೇ ಉದಾರ. ಆದರೆ ಆ ನಾಯಿಗೆ ಕಾಲು ಮುರಿದ ದಿನ ಹತ್ತು ಮನೆಗಳಲ್ಲಿ ಆಸ್ಪತ್ರೆಗೆ ಒಯ್ಯುವ ಮನೆ ಯಾವುದು ಎಂಬುದಕ್ಕೆ ಉತ್ತರವಿರುವುದಿಲ್ಲ. ಇನ್ನೊಂದೆಡೆ, ಬೆಂಗಳೂರಿನಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ಚಳಿನಾಡಿನ ಮರಿಗಳನ್ನು ಒಂದೂ ಪ್ರಶ್ನೆ ಕೇಳದೆ ಮಾರುತ್ತಾರೆ, ಮರಿತನ ಮುಗಿದು ಕೂದಲು ಉದುರತೊಡಗಿದಾಗ ಅವು ಬೀದಿ ಕಾಣುತ್ತವೆ. 1991ರಲ್ಲಿ ಅಲ್ಲಿ ಆರಂಭವಾದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳು ಬಿಟ್ಟುಹೋದ ನಾಯಿಗಳಿಗೆ ಮನೆ ಹುಡುಕುತ್ತಾ ಬಂದಿದ್ದರೂ, ಬರುವವರ ಕಣ್ಣು ಮರಿಗಳ ಮೇಲೇ ಇರುತ್ತದೆ.

ಬೆಳೆದ ನಾಯಿ ಕೈ ಬದಲಿಸುವುದು ಕನ್ನಡಿಗರಿಗೆ ಹೊಸದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ, ಯುದ್ಧದ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ಬೇಕಾದುದನ್ನು ಕೇಳು ಎಂದಾಗ ಮಣಲೆರನೆಂಬ ಯೋಧ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಸೆಣಸಿ ಸತ್ತಾಗ ದೇವಾಲಯದ ಮುಂದೆ ಕಲ್ಲು ನೆಡಿಸಿ, ಭೂಮಿಯನ್ನು ಬಿಡಲಾಯಿತು. ಇನ್ನೊಬ್ಬರ ಮನೆಯಿಂದ ಬಂದ ನಾಯಿಯನ್ನು ಅಷ್ಟು ತನ್ನದಾಗಿಸಿಕೊಂಡವನ ನಾಡು ನಮ್ಮದು.

ಬೇಸಿಗೆಯಲ್ಲಿ ಬಂದ ಅವ್ವ ಎರಡೇ ವಾರಕ್ಕೆ ಅದನ್ನು "ನೆಲ್ಲವ್ವ" ಎಂದು ಕರೆಯತೊಡಗಿದಳು. ಬೆಂಗಳೂರಿನ ಹದಿನಾಲ್ಕನೆಯ ಮಹಡಿಯಲ್ಲಿರುವ ನನ್ನ ಅಕ್ಕನ ಮಗ ನೆಲ್‌ನ ಫೋಟೋ ನೋಡಿ, ತನಗೂ ಒಂದು ಬಾರ್ಡರ್ ಕಾಲೀ ಮರಿ ಬೇಕೆಂದು ಹಟ ಹಿಡಿದಿದ್ದಾನೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವವನು ಅವನು. ಆ ಮಹಿಳೆ ನಮ್ಮನ್ನು ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದು ಅವನಿಗೆ ಕಳುಹಿಸಿ, ಹಗಲಿನ ಹನ್ನೆರಡು ಗಂಟೆಗಳಿಗೆ ಯಾರಿದ್ದಾರೆ ಎಂಬುದನ್ನು ಮೊದಲು ತಿಳಿಸು, ಆಮೇಲೆ ನಿನ್ನ ಮನೆಗೆ ಹೊಂದುವ ಬೆಳೆದ ನಾಯಿಯೊಂದನ್ನು ಆಶ್ರಯಧಾಮದಲ್ಲಿ ನಾನೇ ಜೊತೆಗೆ ಬಂದು ನೋಡುತ್ತೇನೆ ಎಂದು ಹೇಳಿದ್ದೇನೆ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ.